ಅಂಚಿನಲ್ಲಿದ್ದ ಒಂದಕ್ಷರ: ಹಳೆಯ ದೀಕ್ಷಾಸ್ನಾನದ ರಿಜಿಸ್ಟರ್‌ಗಳನ್ನು ಓದಲು ಫ್ಯಾಮಿಲಿಸರ್ಚ್

ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಹಿರಿಯ ಮಹಿಳೆಯೊಬ್ಬರು ಕಾಗದದ ಕಟ್ಟೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ತಂದೆಯ ಕಡೆಯ ಪೂರ್ವಜರನ್ನು ಹುಡುಕಿಸಲು ಅವರು ಒಂದು ಖಾಸಗಿ ಸಂಸ್ಥೆಗೆ ಸಾಕಷ್ಟು ಹಣ ತೆತ್ತಿದ್ದರು. ಆ ಸಂಸ್ಥೆ ಕಳಿಸಿದ ವರದಿಯೇ ಆ ಕಟ್ಟು. 1786ರಲ್ಲಿ ಹತ್ತಿರದ ಒಂದು ಹಳ್ಳಿಯ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದ ಮೇರಿ ಎಂಬ ಹೆಣ್ಣುಮಗುವಿನ ನಮೂದು ಅದರಲ್ಲಿತ್ತು. ಸಾಲಿನ ಎಡ ಅಂಚಿನಲ್ಲಿ 'ಪಿ' ಎಂಬ ಒಂದೇ ಅಕ್ಷರವಿದೆಯೆಂದೂ, ಅದು 'ಪ್ರೈವೇಟ್' ಎಂಬುದರ ಮೊದಲಕ್ಷರವೆಂದೂ, ಮಗು ಉಳಿಯುವ ಭರವಸೆಯಿಲ್ಲದೆ ಪಾದ್ರಿ ಅವಸರದಲ್ಲಿ ಮನೆಗೇ ಹೋಗಿ ದೀಕ್ಷೆ ಕೊಟ್ಟಿರಬೇಕೆಂದೂ ವರದಿ ಬರೆದವರು ತೀರ್ಮಾನಿಸಿದ್ದರು. "ಇವಳು ಎಪ್ಪತ್ತು ದಾಟಿ ಬದುಕಿದವಳು, ಆರು ಮಕ್ಕಳನ್ನು ಹೆತ್ತವಳು. ಹುಟ್ಟಿದಾಗ ಅಷ್ಟು ಸೊರಗಿದ್ದಳೇ?" ಎಂದು ಅವರು ಕೇಳಿದರು.

ಆಸ್ಪತ್ರೆಯ ಕೆಲಸದಿಂದ ನಿವೃತ್ತನಾದ ಮೇಲೆ ಈ ದೇಶದ ಹಳೆಯ ಚರ್ಚ್ ದಾಖಲೆಗಳನ್ನು ಓದುವುದು ನನ್ನ ದಿನದ ಬಹುಪಾಲನ್ನು ತೆಗೆದುಕೊಳ್ಳುತ್ತಿದೆಯಾದ್ದರಿಂದ ಅವರು ನನ್ನ ಬಳಿಗೆ ಬಂದಿದ್ದರು. ಆ ಒಂದಕ್ಷರದ ಅರ್ಥ ತಿಳಿಯಲು ನಾವಿಬ್ಬರೂ ಹಲವು ವಾರ ಬಳಸಿದ್ದು ಫ್ಯಾಮಿಲಿಸರ್ಚ್ ಎಂಬ ಉಚಿತ ಅಂತರ್ಜಾಲ ಸೇವೆಯನ್ನು. ಹಳೆಯ ದೀಕ್ಷಾಸ್ನಾನದ ನಮೂದುಗಳಲ್ಲಿ ಕಾಣುವ ವಿಚಿತ್ರ ಪದಗಳು, ಗುರುತುಗಳು ಮತ್ತು ತಾರೀಖುಗಳನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ಈ ಸೇವೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬ ಒಂದೇ ದೃಷ್ಟಿಯಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ವಂಶವೃಕ್ಷ ರಚಿಸುವ ಸೌಲಭ್ಯ, ಫೋಟೋ ಸೇರಿಸುವ ಸೌಲಭ್ಯ ಮೊದಲಾದವುಗಳ ಗೊಡವೆಗೆ ನಾನು ಹೋಗುವುದಿಲ್ಲ.

ಮೊದಲು ಸೇವೆಯ ಹಿನ್ನೆಲೆಯನ್ನು ಹೇಳಬೇಕು, ಏಕೆಂದರೆ ಇದು ಉಚಿತವಾಗಿರುವುದಕ್ಕೆ ಕಾರಣ ಅಲ್ಲಿದೆ. ಫ್ಯಾಮಿಲಿಸರ್ಚನ್ನು ನಡೆಸುವವರು ಅಮೆರಿಕದ ಯೂಟಾ ರಾಜ್ಯದಲ್ಲಿ ಕೇಂದ್ರವಿರುವ ಲ್ಯಾಟರ್ ಡೇ ಸೇಂಟ್ಸ್ ಚರ್ಚಿನವರು, ಅಂದರೆ ಜನ ಮಾರ್ಮನ್ನರೆಂದು ಕರೆಯುವವರು. ಗತಿಸಿದ ಪೂರ್ವಜರ ಪರವಾಗಿ ಬದುಕಿರುವ ವಂಶಸ್ಥರು ದೀಕ್ಷಾಸ್ನಾನ ಪಡೆಯಬಹುದೆಂಬುದು ಅವರ ನಂಬಿಕೆ. ಹಾಗಾಗಿ ಪೂರ್ವಜರ ಹೆಸರುಗಳನ್ನು ಹುಡುಕುವುದು ಅವರಿಗೆ ಧರ್ಮಕಾರ್ಯ. 1894ರಲ್ಲಿ ಅವರು ಯೂಟಾ ವಂಶಾವಳಿ ಸಂಘವನ್ನು ಸ್ಥಾಪಿಸಿದರು, 1938ರಲ್ಲಿ ದಾಖಲೆಗಳನ್ನು ಮೈಕ್ರೋಫಿಲ್ಮ್‌ಗೆ ಇಳಿಸಲು ತೊಡಗಿದರು, 1999ರಲ್ಲಿ ಜಾಲತಾಣವನ್ನು ತೆರೆದರು. ಸುಮಾರು 24 ಲಕ್ಷ ಫಿಲ್ಮ್ ಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ 2021ರಲ್ಲಿ ಮುಗಿಯಿತು. ಬಳಸಲು ಒಂದು ಖಾತೆ ತೆರೆದರೆ ಸಾಕು. ಹಣ ಕೊಡಬೇಕಿಲ್ಲ, ಆ ಮತಕ್ಕೆ ಸೇರಿದವರಾಗಿರಬೇಕಿಲ್ಲ.

ಸೇವೆಯನ್ನು ಮೂರು ಭಾಗವಾಗಿ ನೋಡಬಹುದು: ಹೆಸರು ಕೊಟ್ಟು ಹುಡುಕುವ ಸೂಚಿ, ಮೂಲ ಪುಟಗಳ ಚಿತ್ರಗಳು, ಮತ್ತು ದಾಖಲೆಗಳನ್ನು ಹೇಗೆ ಓದಬೇಕೆಂದು ವಿವರಿಸುವ ವಿಕಿ. ಹೊಸಬರು ಸಾಮಾನ್ಯವಾಗಿ ಸೂಚಿಯಲ್ಲೇ ನಿಂತುಬಿಡುತ್ತಾರೆ. ಇಂಗ್ಲೆಂಡಿಗೆ ಸಂಬಂಧಿಸಿದ ಮುಖ್ಯ ಸೂಚಿಗಳಲ್ಲೊಂದು 1538ರಿಂದ 1975ರವರೆಗಿನ ಜನನ ಮತ್ತು ದೀಕ್ಷಾಸ್ನಾನಗಳದ್ದು. ಹೆಸರು, ಲಿಂಗ, ತಾರೀಖು, ಊರು, ತಂದೆ, ತಾಯಿ ಎಂಬ ಕೋಷ್ಟಕದಲ್ಲಿ ಕೋಟಿಗಟ್ಟಲೆ ಜನರನ್ನು ಅದು ಕೂರಿಸಿದೆ, ಮತ್ತು ಯಾವ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶದ, ಪುಸ್ತಕವನ್ನು ತೆರೆಯಬೇಕೆಂದು ನಿಮಿಷದಲ್ಲಿ ತೋರಿಸುತ್ತದೆ. ಆ ಮಟ್ಟಿಗೆ ಅದರ ಉಪಕಾರ ದೊಡ್ಡದು. ಆದರೆ ಅಂಚಿನ ಟಿಪ್ಪಣಿಗೆ, ಹೊಡೆದುಹಾಕಿದ ಪದಕ್ಕೆ, ಹೆಸರಿನ ಮುಂದೆ ಪಾದ್ರಿ ಸೇರಿಸಿದ ಅರ್ಧ ವಾಕ್ಯಕ್ಕೆ ಆ ಕೋಷ್ಟಕದಲ್ಲಿ ಜಾಗವಿಲ್ಲ. ಅಸಾಮಾನ್ಯ ನಮೂದು ಅಸಾಮಾನ್ಯವಾಗುವುದು ಇಂಥ ತುಣುಕುಗಳಿಂದಲೇ. ಆದ್ದರಿಂದ ಸೂಚಿಯನ್ನು ದಾರಿಯ ಫಲಕವೆಂದು ಮಾತ್ರ ಬಳಸಿ ಮೂಲ ಪುಟದ ಚಿತ್ರವನ್ನು ಕಣ್ಣಾರೆ ನೋಡಲೇಬೇಕು ಎಂಬುದು ಈ ಸೇವೆಯ ಬಗ್ಗೆ ನಾನು ಹೇಳಬೇಕಾದ ಅತಿ ಮುಖ್ಯವಾದ ಮಾತು. ಕೈಬರಹದ ಒಂದು ಗೀಟನ್ನು ತಪ್ಪಾಗಿ ಓದಿದರೆ ಮುನ್ನೂರು ವರ್ಷಗಳ ಹಿಂದೆ ತೀರಿಕೊಂಡ ಹೆಣ್ಣುಮಗಳ ಮೇಲೆ ಇಲ್ಲದ ಅಪವಾದ ಬರುತ್ತದೆ, ಇದ್ದ ಬಡತನ ಮರೆಯಾಗುತ್ತದೆ. ತನ್ನ ಪರವಾಗಿ ಉತ್ತರ ಕೊಡಲು ಅವಳು ಇಲ್ಲ.

ಅಪವಾದದ ಮಾತನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇನೆ. ನೆರೆಮನೆಯವರ ವರದಿಯಲ್ಲೇ ಇನ್ನೊಂದು ದಂಪತಿಯ ವಿಷಯವಿತ್ತು: ಮದುವೆ 1723ರ ಏಪ್ರಿಲ್‌ನಲ್ಲಿ, ಮೊದಲ ಮಗುವಿನ ದೀಕ್ಷಾಸ್ನಾನ 1723ರ ಫೆಬ್ರುವರಿಯಲ್ಲಿ. ಮದುವೆಗೆ ಮುಂಚೆಯೇ ಮಗು ಹುಟ್ಟಿತ್ತೆಂದು ವರದಿ ಹೇಳಿತ್ತು. ಆದರೆ ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಹೊಸ ವರ್ಷ ಆರಂಭವಾಗುತ್ತಿದ್ದುದು ಜನವರಿ 1ರಂದು ಅಲ್ಲ, ಮಾರ್ಚ್ 25ರಂದು. ಯುಗಾದಿಗೆ ಸಂವತ್ಸರ ಬದಲಾಗುವುದನ್ನು ಕಂಡಿರುವ ನಮಗೆ ಇದು ತೀರ ಅಪರಿಚಿತ ಸಂಗತಿಯೇನಲ್ಲ. ಏಪ್ರಿಲ್ ಆದ ಮೇಲೆ ಬರುವ ಫೆಬ್ರುವರಿಯನ್ನೂ ಆ ಪಾದ್ರಿ 1723 ಎಂದೇ ಬರೆಯುತ್ತಿದ್ದ. ನಮ್ಮ ಲೆಕ್ಕದಲ್ಲಿ ಅದು 1724ರ ಫೆಬ್ರುವರಿ. ಅಂದರೆ ಮಗುವಿಗೆ ದೀಕ್ಷೆಯಾದದ್ದು ಮದುವೆಯಾಗಿ ಹತ್ತು ತಿಂಗಳಿಗೆ. ಪುಟದ ಚಿತ್ರವನ್ನು ತೆರೆದರೆ ಇದು ತಾನಾಗಿಯೇ ತಿಳಿಯುತ್ತದೆ: ಡಿಸೆಂಬರ್ ಆದ ಮೇಲೆ ಜನವರಿ, ಫೆಬ್ರುವರಿಗಳು ಅದೇ ವರ್ಷದ ತಲೆಬರಹದ ಕೆಳಗೆ ಸಾಗಿ, ಮಾರ್ಚ್ ತಿಂಗಳ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಹೊಸ ವರ್ಷ ಬರುತ್ತದೆ. ಫ್ಯಾಮಿಲಿಸರ್ಚ್ ವಿಕಿಯಲ್ಲಿ ಪಂಚಾಂಗ ಬದಲಾವಣೆಯ ವಿವರಣೆ ಸ್ಪಷ್ಟವಾಗಿದೆ. 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಆಯಿತೆಂಬುದೂ ಅದರಲ್ಲಿ ಸೇರಿದೆ. ಇದನ್ನು ಓದದೆ 1752ರ ಹಿಂದಿನ ಯಾವ ತಾರೀಖನ್ನೂ ಮುಟ್ಟಬಾರದು.

ಚಿತ್ರ ನೋಡುವ ಸೌಲಭ್ಯ ಸರಳವಾಗಿದೆ, ಚೆನ್ನಾಗಿಯೂ ಇದೆ. ಹಿಗ್ಗಿಸಬಹುದು, ಬೆಳಕನ್ನು ಮತ್ತು ಕಪ್ಪು ಬಿಳುಪಿನ ಅಂತರವನ್ನು ಹೆಚ್ಚು ಕಡಿಮೆ ಮಾಡಬಹುದು, ಬಿಳಿಯನ್ನು ಕಪ್ಪಾಗಿ, ಕಪ್ಪನ್ನು ಬಿಳಿಯಾಗಿ ತಿರುಗಿಸಬಹುದು. ಆ ಕಾಲದ ಶಾಯಿಯಲ್ಲಿ ಕಬ್ಬಿಣದ ಅಂಶವಿರುವುದರಿಂದ ಅದು ಕಾಲಕ್ರಮದಲ್ಲಿ ಕಂದು ಬಣ್ಣಕ್ಕೆ ತಿರುಗಿ ಚರ್ಮದ ಹಾಳೆಯ ಬಣ್ಣದಲ್ಲಿ ಕರಗಿಹೋಗುತ್ತದೆ. ಹೀಗೆ ಮಸುಕಾದ ಒಂದು ಪುಟವನ್ನು ಬಣ್ಣ ತಿರುಗಿಸಿ ನೋಡಿದಾಗ ಕತ್ತಲಲ್ಲಿ ಸುಣ್ಣದ ಗೆರೆ ಎಳೆದಂತೆ ಅಕ್ಷರಗಳು ಎದ್ದು ಬಂದವು. ಪಕ್ಕದಲ್ಲಿ ಕುಳಿತಿದ್ದ ನೆರೆಮನೆಯವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಒಂದು ಪುಟದಿಂದ ಹಿಂದಿನ ಮುಂದಿನ ಪುಟಗಳಿಗೆ ಹೋಗುವುದೂ ಸುಲಭ. ಅದಕ್ಕೆ ಬೆಲೆ ಕಟ್ಟಲಾಗದು, ಏಕೆಂದರೆ ಒಬ್ಬ ಪಾದ್ರಿಯ ಸಂಕೇತಗಳನ್ನು ತಿಳಿಯಬೇಕಾದರೆ ಅವನು ಬರೆದ ಹತ್ತಾರು ಪುಟಗಳನ್ನು ಓದಿ ಅವನ ಕೈಯ ಅಭ್ಯಾಸವನ್ನು ಅರಿಯುವುದಕ್ಕಿಂತ ಬೇರೆ ದಾರಿಯಿಲ್ಲ.

ಕೈಬರಹವನ್ನು ಕಲಿಯಲು ಮಾತ್ರ ಹೊರಗಿನ ನೆರವನ್ನೂ ಪಡೆಯಬೇಕು. 16 ಮತ್ತು 17ನೆಯ ಶತಮಾನಗಳ ಇಂಗ್ಲಿಷ್ ಬರಹದ ಶೈಲಿ ಇಂದಿನದಕ್ಕಿಂತ ತೀರ ಬೇರೆ. ಅಲ್ಲಿನ 'ಸಿ' ನಮ್ಮ ಕಣ್ಣಿಗೆ 'ಆರ್' ಆಗಿಯೂ 'ಹೆಚ್' ಅಕ್ಷರ ಬಾಲವಿರುವ ಗೀಚಾಗಿಯೂ ಕಾಣುತ್ತದೆ. 'ಎಂ', 'ಎನ್', 'ಯು', 'ಐ' ಅಕ್ಷರಗಳು ಒಟ್ಟಿಗೆ ಬಂದರೆ ಬರೀ ಕಡ್ಡಿ ಸಾಲು. ಬ್ರಿಟನ್ನಿನ ರಾಷ್ಟ್ರೀಯ ದಾಖಲೆಗಾರದವರು 1500ರಿಂದ 1800ರವರೆಗಿನ ಕೈಬರಹವನ್ನು ಮತ್ತು ಆರಂಭಿಕರ ಲ್ಯಾಟಿನ್ನನ್ನು ಕಲಿಸುವ ಉಚಿತ ಪಾಠಗಳನ್ನು ಅಂತರ್ಜಾಲದಲ್ಲಿ ಒದಗಿಸಿದ್ದಾರೆ. ಫ್ಯಾಮಿಲಿಸರ್ಚ್ ಜೊತೆ ಅವನ್ನು ಇಟ್ಟುಕೊಂಡು ಒಂದು ತಿಂಗಳು ದಿನಕ್ಕೆ ಅರ್ಧ ಗಂಟೆ ಕೂತರೆ ಸಾಕು, ಪುಟ ಮಾತನಾಡತೊಡಗುತ್ತದೆ.

ಈಗ ವಿಕಿಯ ವಿಷಯ. ನನ್ನ ದೃಷ್ಟಿಯಲ್ಲಿ ಈ ಸೇವೆಯ ಅತ್ಯುತ್ತಮ ಭಾಗ ಇದೇ, ಆದರೆ ಬಳಸುವವರು ಕಡಿಮೆ. ಇಂಗ್ಲೆಂಡಿನ ಪ್ಯಾರಿಷ್‌ಗಳಿಗೆ ಅದರಲ್ಲಿ ಪ್ರತ್ಯೇಕ ಪುಟಗಳಿವೆ. ಲ್ಯಾಟಿನ್, ಪೋರ್ಚುಗೀಸ್, ಜರ್ಮನ್ ಮೊದಲಾದ ಭಾಷೆಗಳ ದಾಖಲೆಗಳಲ್ಲಿ ಬರುವ ಪದಗಳ ಪಟ್ಟಿಗಳಿವೆ. ಲ್ಯಾಟಿನ್ ಪಟ್ಟಿ ನಮಗೆ ದಿನವೂ ಬೇಕಾಯಿತು. ರಿಜಿಸ್ಟರ್ ಲ್ಯಾಟಿನ್‌ನಲ್ಲಿದ್ದರೆ ಜೇಮ್ಸ್ ಎಂಬವನು ಯಾಕೋಬುಸ್ ಆಗುತ್ತಾನೆ, ವಿಲಿಯಂ ಗುಲಿಯೆಲ್ಮುಸ್ ಆಗುತ್ತಾನೆ, ಜೈಲ್ಸ್ ಎಂಬವನು ಗುರುತೇ ಸಿಗದಂತೆ ಎಜಿಡಿಯುಸ್ ಆಗುತ್ತಾನೆ. 'ಗೆಮೆಲ್ಲಿ' ಎಂದರೆ ಅವಳಿಗಳು. ಮಂಗಳೂರು, ಗೋವೆಗಳ ಕ್ಯಾಥೊಲಿಕ್ ಮನೆತನದವರು ತಮ್ಮ ಹಿರಿಯರ ಲ್ಯಾಟಿನ್ ಅಥವಾ ಪೋರ್ಚುಗೀಸ್ ನಮೂದುಗಳನ್ನು ಓದಲು ಕೂತಾಗಲೂ ಇದೇ ಪಟ್ಟಿಗಳು ಕೈಹಿಡಿಯುತ್ತವೆ.

ಮದುವೆಯಿಲ್ಲದೆ ಹುಟ್ಟಿದ ಮಕ್ಕಳ ನಮೂದುಗಳಿಗೆ ಇಂಗ್ಲಿಷ್ ಪಾದ್ರಿಗಳು ಬಳಸಿದ ಪದಗಳ ವೈವಿಧ್ಯ ನೋಡಿದರೆ ಮನಸ್ಸು ಭಾರವಾಗುತ್ತದೆ. ಕೆಲವರು 'ಬೇಸ್' ಎಂದು ಬರೆದರು, ಕೆಲವರು 'ಸ್ಪೂರಿಯುಸ್' ಎಂದು, ಕೆಲವರು 'ಫಿಲಿಯುಸ್ ಪೊಪುಲಿ' ಎಂದು. ಕೊನೆಯದರ ಅಕ್ಷರಾರ್ಥ ಜನರ ಮಗ, ಅಂದರೆ ಊರಿನವರ ಮಗ. 'ಫಿಲಿಯುಸ್ ನುಲ್ಲಿಯುಸ್' ಎಂದರೆ ಯಾರ ಮಗನೂ ಅಲ್ಲ. ಆ ಕಾಲದ ಕಾನೂನಿನಲ್ಲಿ ಅಂಥ ಮಗುವಿಗೆ ಆಸ್ತಿಯ ಹಕ್ಕಿರಲಿಲ್ಲವೆಂಬುದನ್ನು ಈ ಎರಡು ಪದ ಹೇಳುತ್ತವೆ. ತಂದೆಯ ಹೆಸರಿನ ಹಿಂದೆ 'ರೆಪ್ಯೂಟೆಡ್' ಎಂದಿದ್ದರೆ ಇಂಥವನೇ ತಂದೆಯೆಂದು ಜನ ಹೇಳುತ್ತಾರೆ, ಅಥವಾ ತಾಯಿ ಹೇಳಿದ್ದಾಳೆ, ಎಂದಷ್ಟೇ ಅರ್ಥ. ಪಾದ್ರಿ ತಂದೆಯ ಹೆಸರನ್ನು ಬರೆಯದೇ ಬಿಟ್ಟಲ್ಲಿ ತಾಯಿ ತನ್ನದೊಂದು ದಾರಿ ಹುಡುಕಿಕೊಂಡದ್ದೂ ಉಂಟು: ಮಗುವಿನ ಎರಡನೆಯ ಹೆಸರಾಗಿ ಯಾರದೋ ಮನೆತನದ ಹೆಸರು ಬಂದಿದ್ದರೆ, ಆ ಊರಿನಲ್ಲಿ ಆ ಮನೆತನದ ತರುಣನೊಬ್ಬ ಇದ್ದನೇ ಎಂದು ಹುಡುಕಬೇಕು. ಪದಪಟ್ಟಿ ಇಂಥ ಪದಗಳಿಗೆಲ್ಲ ಬಹುಮಟ್ಟಿಗೆ ಒಂದೇ ಅರ್ಥ ಕೊಡುತ್ತದೆ. ಅರ್ಥ ಸರಿಯೇ, ಆದರೆ ಒಂದೊಂದು ಪದದ ಹಿಂದಿರುವ ಪಾದ್ರಿಯ ಮನೋಭಾವ ಅಲ್ಲಿ ತಿಳಿಯುವುದಿಲ್ಲ. ಅದು ಪುಟವನ್ನು ಓದುವವರ ಹೊಣೆ. ನಾನು ನೆರೆಮನೆಯವರಿಗಾಗಿ ಬರೆದುಕೊಟ್ಟ ಟಿಪ್ಪಣಿಯಲ್ಲಿ ಪಾದ್ರಿ ಬಳಸಿದ ಪದವನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ 'ಮದುವೆಯಾಗಿರದ ತಾಯಿಯ ಮಗು' ಎಂದಷ್ಟೇ ಬರೆದೆ.

ಖಾಸಗಿ ದೀಕ್ಷಾಸ್ನಾನದ ವಿಷಯಕ್ಕೆ ಬಂದರೆ, ಅದು ನಿಜವಾಗಿಯೂ ಇದ್ದ ಪದ್ಧತಿ. ಮಗು ಅಪಾಯದಲ್ಲಿದ್ದರೆ ಪಾದ್ರಿ ಮನೆಗೇ ಬಂದು ನೀರು ಹಾಕಿ ಹೆಸರಿಡುತ್ತಿದ್ದ. ಮಗು ಉಳಿದರೆ ಮುಂದೊಂದು ದಿನ ಅದನ್ನು ಚರ್ಚಿಗೆ ಕರೆತಂದು ಸಭೆಯ ಎದುರು 'ಸ್ವೀಕರಿಸುವ' ವಿಧಿ ನಡೆಯುತ್ತಿತ್ತು. ಆದ್ದರಿಂದ ಒಂದೇ ಮಗುವಿಗೆ ಎರಡು ತಾರೀಖು ಇರಬಹುದು. ಸೂಚಿಯಲ್ಲಿ ಇಂಥ ಎರಡು ತಾರೀಖುಗಳು ಎರಡು ಸಾಲಾಗಿ ಬಂದರೆ, ಮೊದಲ ಮಗು ತೀರಿಕೊಂಡು ಎರಡನೆಯದಕ್ಕೂ ಅದೇ ಹೆಸರಿಟ್ಟರೆಂದು ಭಾವಿಸಿ, ಹುಟ್ಟದ ಮಗುವೊಂದನ್ನು ವಂಶವೃಕ್ಷದಲ್ಲಿ ಹುಟ್ಟಿಸಿ ಸಾಯಿಸುವ ತಪ್ಪು ನಡೆಯುತ್ತದೆ. ಈಗಾಗಲೇ ದೀಕ್ಷೆಯಾಗಿದೆಯೋ ಇಲ್ಲವೋ ಎಂಬ ಸಂಶಯವಿದ್ದಾಗ "ನಿನಗೆ ಮೊದಲೇ ದೀಕ್ಷೆಯಾಗಿರದಿದ್ದರೆ" ಎಂಬ ಷರತ್ತಿನ ಮಾತಿನೊಂದಿಗೆ ವಿಧಿ ನಡೆಸುತ್ತಿದ್ದರು. ರಿಜಿಸ್ಟರಿನಲ್ಲಿ ಅದನ್ನೂ ಗುರುತು ಮಾಡಿರುವುದುಂಟು.

ಇನ್ನೂ ಹಿಂದಕ್ಕೆ, 16ನೆಯ ಶತಮಾನಕ್ಕೆ ಹೋದರೆ, ವೈದ್ಯನಾದ ನನಗೆ ಮರೆಯಲಾಗದ ಒಂದು ಪದ ಎದುರಾಗುತ್ತದೆ: 'ಕ್ರೀಚರ್'. ಹೆಸರಿನ ಜಾಗದಲ್ಲಿ ಅದೇ ಇರುತ್ತದೆ, ಕೆಲವೆಡೆ ಲ್ಯಾಟಿನ್ನಿನಲ್ಲಿ 'ಕ್ರೆಯಾತೂರಾ ಕ್ರಿಸ್ತಿ' ಎಂದು, ಅಂದರೆ ಕ್ರಿಸ್ತನ ಸೃಷ್ಟಿ. ಹೆರಿಗೆ ಕಷ್ಟವಾಗಿ ಮಗು ಇನ್ನೂ ಪೂರ್ತಿ ಹೊರಬರದಿರುವಾಗಲೇ ಸೂಲಗಿತ್ತಿ ಅದಕ್ಕೆ ದೀಕ್ಷೆ ಕೊಡಬೇಕಾಗುತ್ತಿತ್ತು. ಹೆಣ್ಣೋ ಗಂಡೋ ಗೊತ್ತಿಲ್ಲದ ಆ ಗಳಿಗೆಯಲ್ಲಿ ಎರಡಕ್ಕೂ ಹೊಂದುವ ಹೆಸರು ಇದು. ಅಂಥ ಕೆಲವು ಮಕ್ಕಳು ಬದುಕಿ ಬೆಳೆದು ಅದೇ ಹೆಸರಿನಲ್ಲಿ ಮದುವೆಯಾದದ್ದೂ ಇದೆ. 'ಕ್ರಿಸಮ್' ಎಂಬ ಇನ್ನೊಂದು ಪದ ಹೆಚ್ಚಾಗಿ ಸಮಾಧಿಯ ನಮೂದುಗಳಲ್ಲಿ ಸಿಗುತ್ತದೆ. ದೀಕ್ಷೆಯ ಹೊತ್ತಿನಲ್ಲಿ ಮಗುವಿಗೆ ಹೊದಿಸುತ್ತಿದ್ದ ಬಿಳಿ ಬಟ್ಟೆಗೆ ಆ ಹೆಸರು. ಹುಟ್ಟಿ ತಿಂಗಳೊಳಗೆ ತೀರಿಕೊಂಡ ಮಗುವನ್ನು ಅದೇ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡುತ್ತಿದ್ದರು. ಅಂಥ ಮಗು 'ಕ್ರಿಸಮ್ ಮಗು'. ಸೂಚಿಯನ್ನಷ್ಟೇ ನೋಡುವವರು ಇವನ್ನು ಯಾರದೋ ಹೆಸರೆಂದು ತಿಳಿದು ಮುಂದೆ ಹೋಗುತ್ತಾರೆ.

ರಿಜಿಸ್ಟರ್‌ಗಳ ಇತಿಹಾಸ ತಿಳಿದಷ್ಟೂ ಓದು ಹಗುರವಾಗುತ್ತದೆ, ಮತ್ತು ವಿಕಿ ಇಲ್ಲಿಯೂ ನಂಬಲು ಅರ್ಹವಾಗಿದೆ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ಪುಸ್ತಕವಿಡಬೇಕೆಂದು ಆಜ್ಞೆ ಹೊರಡಿಸಿದ. 1598ರಲ್ಲಿ ಹಳೆಯ ಕಾಗದದ ಪುಸ್ತಕಗಳನ್ನು ಚರ್ಮದ ಹಾಳೆಗಳಿಗೆ ನಕಲು ಮಾಡಲು, ಕನಿಷ್ಠ 1558ರಿಂದಾದರೂ ಮಾಡಲು, ಹೇಳಲಾಯಿತು. ಆದ್ದರಿಂದಲೇ ಹಲವು ಪುಸ್ತಕಗಳ ಮೊದಲ ನಲವತ್ತು ವರ್ಷಗಳು ಒಂದೇ ಕೈಬರಹದಲ್ಲಿವೆ ಮತ್ತು ನಕಲುಗಾರನ ತಪ್ಪುಗಳನ್ನೂ ಹೊತ್ತಿವೆ. ಪ್ರತಿ ವರ್ಷದ ನಮೂದುಗಳ ಪ್ರತಿಯೊಂದನ್ನು ಬಿಷಪ್ಪರ ಕಚೇರಿಗೆ ಕಳಿಸುವ ಕ್ರಮವೂ ಆಗ ಗಟ್ಟಿಯಾಯಿತು. 1653ರಿಂದ 1660ರವರೆಗೆ ದೀಕ್ಷೆಯ ಬದಲು ಜನನವನ್ನೇ ದಾಖಲಿಸಬೇಕೆಂಬ ನಿಯಮವಿತ್ತು, ಹಾಗಾಗಿ ಆ ವರ್ಷಗಳ ತಾರೀಖುಗಳನ್ನು ಬೇರೆಯಾಗಿ ಓದಬೇಕು. 1813ರಿಂದ ಮುದ್ರಿತ ನಮೂನೆ ಬಂದಿತು, ಪುಟಕ್ಕೆ ಎಂಟು ನಮೂದು. ತಂದೆಯ ಕಸುಬಿಗೂ ಒಂದು ಕಾಲಂ ಸಿಕ್ಕಿತು, ಆದರೆ ಪಾದ್ರಿಗೆ ಮನಸ್ಸಿಗೆ ಬಂದದ್ದನ್ನು ಬರೆಯಲು ಜಾಗ ಕಡಿಮೆಯಾಯಿತು.

ಯಾರ್ಕ್‌ಷೈರಿನವರಿಗೆ ಮಾತ್ರ ಒಂದು ವಿಶೇಷ ಭಾಗ್ಯವಿದೆ. ಯಾರ್ಕ್ ನಗರದಲ್ಲಿ ಪಾದ್ರಿಯಾಗಿದ್ದ ವಿಲಿಯಂ ಡೇಡ್ 18ನೆಯ ಶತಮಾನದಲ್ಲಿ ತಾನೇ ಒಂದು ವಿಸ್ತಾರವಾದ ಕ್ರಮವನ್ನು ರೂಪಿಸಿದ: ಮಗು ಎಷ್ಟನೆಯದು, ಹುಟ್ಟಿದ್ದು ಎಂದು, ತಂದೆಯ ಕಸುಬು, ತಂದೆಯ ತಂದೆ ಯಾರು, ಎಲ್ಲಿಯವನು, ತಾಯಿ ಯಾರ ಮಗಳು, ಎಲ್ಲವೂ ಒಂದೇ ಸಾಲಿನಲ್ಲಿ. 1777ರಲ್ಲಿ ಆರ್ಚ್‌ಬಿಷಪ್ ವಿಲಿಯಂ ಮಾರ್ಕಮ್ ಇದನ್ನು ಇಡೀ ಧರ್ಮಪ್ರಾಂತಕ್ಕೆ ವಿಸ್ತರಿಸಿದರು. ಇದು ಹೆಚ್ಚಿನ ಶ್ರಮವೆಂದು ಹಲವು ಪಾದ್ರಿಗಳು ಪಾಲಿಸಲಿಲ್ಲ. ಪಾಲಿಸಿದವರ ಪುಸ್ತಕಗಳಲ್ಲಿ ಒಂದು ಮಗುವಿನ ನಮೂದಿನಿಂದ ಮೂರು ತಲೆಮಾರು ಬೆಳಕಿಗೆ ಬರುತ್ತದೆ. ನೆರೆಮನೆಯವರ ತಾಯಿಯ ಕಡೆಯ ಒಂದು ನಮೂದು ಹೀಗೆ ಡೇಡ್ ಕ್ರಮದಲ್ಲಿತ್ತು. ಅಜ್ಜನ ಊರು, ಕಸುಬು ಎಲ್ಲ ಅದರಲ್ಲೇ ಇದ್ದುದರಿಂದ ಎರಡು ವರ್ಷ ಹಿಡಿಯಬಹುದಾಗಿದ್ದ ಹುಡುಕಾಟ ನಮಗೆ ಒಂದು ಸಂಜೆಗೆ ಮುಗಿಯಿತು. ಸೂಚಿಯ ಕೋಷ್ಟಕದಲ್ಲಿ ಅಜ್ಜಂದಿರಿಗೆ ಅಂಕಣವಿಲ್ಲವೆಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ಭಾರತೀಯ ಓದುಗರಿಗೆ ಹತ್ತಿರವಾದ ಒಂದು ನಮೂದನ್ನು ಇಲ್ಲಿ ನೆನೆಯಬೇಕು. ಲಂಡನ್ನಿನ ಸೇಂಟ್ ಡಯೊನಿಸ್ ಬ್ಯಾಕ್‌ಚರ್ಚ್ ಎಂಬ ಚರ್ಚಿನ ರಿಜಿಸ್ಟರಿನಲ್ಲಿ 1616ರ ಡಿಸೆಂಬರ್ 22ರಂದು ಪೂರ್ವ ಇಂಡಿಯಾದ ಒಬ್ಬನಿಗೆ ಪೀಟರ್ ಎಂಬ ಹೆಸರಿಟ್ಟು ದೀಕ್ಷಾಸ್ನಾನ ಮಾಡಿಸಿದ ನಮೂದಿದೆ. ತಂದೆ ತಾಯಿಯರ ಹೆಸರಿಲ್ಲ, ಅವನ ಹುಟ್ಟುಹೆಸರೂ ಇಲ್ಲ. ಬಂಗಾಳ ಕೊಲ್ಲಿಯ ಕಡೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿ ಪ್ಯಾಟ್ರಿಕ್ ಕಾಪ್ಲೆಂಡ್ 1614ರಲ್ಲಿ ಕರೆತಂದು ಓದು ಬರಹ ಕಲಿಸಿದ ಹುಡುಗ ಅವನು. ಪೀಟರ್ ಎಂಬ ಹೆಸರನ್ನು ಆರಿಸಿದವರು ರಾಜ ಒಂದನೆಯ ಜೇಮ್ಸ್. ಇಂಥ ನಮೂದನ್ನು ಓದುವಾಗ ಇರುವ ಪದಗಳಷ್ಟೇ ಇಲ್ಲದ ಪದಗಳನ್ನೂ ಗಮನಿಸಬೇಕು. ಇದರ ಮುಂದಿನ ಕೊಂಡಿಯಾಗಿ ಮದರಾಸು ಪ್ರೆಸಿಡೆನ್ಸಿಯ ದಾಖಲೆಗಳಿವೆ. 1698ರಿಂದ ಲಂಡನ್ನಿಗೆ ಕಳಿಸುತ್ತಿದ್ದ ಆ ಪ್ರತಿಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ, ಮತ್ತು ದಂಡು ಪ್ರದೇಶ ಬೆಳೆದ ಮೇಲೆ ಬೆಂಗಳೂರಿನ ದೀಕ್ಷಾಸ್ನಾನಗಳೂ ಅವುಗಳಲ್ಲಿ ಸೇರಿವೆ. ಅಲ್ಲಿ ಸಿಪಾಯಿಯ ಅಥವಾ ಅಧಿಕಾರಿಯ ಹೆಸರು, ಪಡೆ, ಹುದ್ದೆ ಎಲ್ಲ ಇದ್ದು ತಾಯಿಯ ಜಾಗದಲ್ಲಿ 'ಒಬ್ಬ ದೇಶೀಯ ಹೆಂಗಸು' ಎಂದಷ್ಟೇ ಇರುವ ಸಾಲುಗಳು ಬರುತ್ತವೆ. ಅವರಲ್ಲಿ ಕನ್ನಡ, ತಮಿಳು, ತೆಲುಗು ಮಾತನಾಡುವವರು ಎಷ್ಟೋ ಜನ ಇದ್ದಿರಬೇಕು. ಬರೆಯುವವನು ಹೆಸರು ಕೇಳಲೇ ಇಲ್ಲ. ಫ್ಯಾಮಿಲಿಸರ್ಚ್‌ನಲ್ಲಿ 1786ರಿಂದ 1947ರವರೆಗಿನ ಭಾರತದ ದೀಕ್ಷಾಸ್ನಾನಗಳ ಸೂಚಿ ಉಚಿತವಾಗಿದೆ. ಪುಟದ ಚಿತ್ರ ಬೇಕಾದರೆ ಬ್ರಿಟಿಷ್ ಲೈಬ್ರರಿಯ ಸಂಗ್ರಹವನ್ನು ಪ್ರಕಟಿಸಿರುವ ಫೈಂಡ್‌ಮೈಪಾಸ್ಟ್ ಎಂಬ ಹಣದ ಸೇವೆಗೆ ಹೋಗಬೇಕು. ಬೆಂಗಳೂರಿನ ಆಂಗ್ಲೋ ಇಂಡಿಯನ್ ಕುಟುಂಬಗಳವರು ಎರಡನ್ನೂ ಒಟ್ಟಿಗೆ ಬಳಸುವುದು ಒಳ್ಳೆಯದು.

ಮೇರಿಯ ಅಂಚಿನಲ್ಲಿದ್ದ ಅಕ್ಷರಕ್ಕೆ ಮರಳುತ್ತೇನೆ. ಆ ಹಳ್ಳಿಯ ಪಾದ್ರಿಯ ಬರಹವನ್ನು 1780ರಿಂದ 1796ರವರೆಗೆ ಒಂದೊಂದೇ ಪುಟವಾಗಿ ಓದಿದಾಗ ಮೂರು ಸಂಗತಿಗಳು ಕಂಡವು. 'ಪಿ' ಅಕ್ಷರ 1783ರ ಶರತ್ಕಾಲಕ್ಕೆ ಮೊದಲು ಒಮ್ಮೆಯೂ ಇಲ್ಲ; 1794ರ ನಂತರವೂ ಇಲ್ಲ. ಅದಿರುವ ಸಾಲುಗಳಲ್ಲಿ ಹೆಚ್ಚಿನವರು ಕೂಲಿಯವರು ಮತ್ತು ವಿಧವೆಯರು. ಮನೆಯಲ್ಲೇ ದೀಕ್ಷೆ ಕೊಟ್ಟಾಗ ಆ ಪಾದ್ರಿ ಅಂಚಿನಲ್ಲಿ ಏನನ್ನೂ ಹಾಕದೆ ಸಾಲಿನ ಒಳಗೇ ಪೂರ್ತಿ ಪದ ಬರೆಯುತ್ತಿದ್ದ. ವಿಕಿಯಲ್ಲಿ ಆ ಎರಡು ವರ್ಷಗಳನ್ನು ಹುಡುಕಿದರೆ ಕಾರಣ ಸಿಗುತ್ತದೆ: 1783ರಲ್ಲಿ ಸರ್ಕಾರ ಪ್ರತಿ ನಮೂದಿನ ಮೇಲೂ 3 ಪೆನ್ಸ್ ತೆರಿಗೆ ಹಾಕಿತು, 1794ರಲ್ಲಿ ಅದನ್ನು ರದ್ದು ಮಾಡಿತು. ಬಡವರಿಗೆ ತೆರಿಗೆಯ ವಿನಾಯಿತಿಯಿತ್ತು. ವಿನಾಯಿತಿ ಪಡೆದವರೆಂದು ತೋರಿಸಲು ಪಾದ್ರಿಗಳು 'ಪಾಪರ್', ಅಂದರೆ ಕಡುಬಡವ, ಎಂಬುದರ ಮೊದಲಕ್ಷರವನ್ನು ಅಂಚಿನಲ್ಲಿ ಹಾಕುತ್ತಿದ್ದರು. ಮೇರಿ ಸಾಯುತ್ತಿದ್ದ ಮಗುವಲ್ಲ, 3 ಪೆನ್ಸ್ ಕೊಡಲಾಗದ ಮನೆಯ ಮಗು. ಇಲ್ಲಿಯೂ ಒಂದು ಎಚ್ಚರ ಬೇಕು: ತೆರಿಗೆ ವಸೂಲಿ ಮಾಡಲು ಮನಸ್ಸಿಲ್ಲದ ಕರುಣಾಳು ಪಾದ್ರಿಗಳು ದುಡಿದು ತಿನ್ನುವ ಮನೆಗಳವರನ್ನೂ ಬಡವರೆಂದು ಬರೆದಿರಬಹುದಾದ್ದರಿಂದ, ಆ ಅಕ್ಷರವೊಂದರಿಂದಲೇ ಮನೆಯವರು ಪ್ಯಾರಿಷ್‌ನ ಅನ್ನದಲ್ಲಿದ್ದರೆಂದು ಹೇಳಲಾಗದು. ಹಣ ಪಡೆದು ವರದಿ ಬರೆದವರು ಒಂದೇ ಒಂದು ಸಾಲನ್ನು ನೋಡಿ ಅರ್ಥ ಹೇಳಿದ್ದರು. ಹಿಂದು ಮುಂದಿನ ಹತ್ತು ಪುಟ ತಿರುಗಿಸಿದ್ದರೆ ಆ ತಪ್ಪು ಆಗುತ್ತಿರಲಿಲ್ಲ.

ಈ ತೀರ್ಮಾನಕ್ಕೆ ಇನ್ನೊಂದು ಸಾಕ್ಷಿ ಬೇಕೆನಿಸಿ ಬಿಷಪ್ಪರಿಗೆ ಹೋದ ಪ್ರತಿಯನ್ನು ಹುಡುಕಿದೆವು. ಯಾರ್ಕ್ ಧರ್ಮಪ್ರಾಂತದ ಅಂಥ ಪ್ರತಿಗಳ ಮೂಲ ಯಾರ್ಕ್ ವಿಶ್ವವಿದ್ಯಾಲಯದ ಬಾರ್ತ್‌ವಿಕ್ ಸಂಸ್ಥೆಯಲ್ಲಿದೆ. ಫ್ಯಾಮಿಲಿಸರ್ಚ್‌ನ ಕ್ಯಾಟಲಾಗ್‌ನಲ್ಲಿ ನಮಗೆ ಬೇಕಾದ ಸುರುಳಿ ಇತ್ತು, ಆದರೆ ಅದರ ಪಕ್ಕದಲ್ಲಿ ಕ್ಯಾಮೆರಾದ ಮೇಲೆ ಕೀಲಿಯ ಚಿಹ್ನೆಯಿತ್ತು. ದಾಖಲೆಗಳ ಒಡೆತನವುಳ್ಳ ಸಂಸ್ಥೆಗಳೊಂದಿಗಿನ ಒಪ್ಪಂದದಂತೆ ಇಂಥ ಚಿತ್ರಗಳನ್ನು ಮನೆಯಿಂದ ನೋಡಲಾಗದು. ಫ್ಯಾಮಿಲಿಸರ್ಚ್ ಕೇಂದ್ರದಲ್ಲೋ ಅದರ ಜೊತೆ ಒಪ್ಪಂದವಿರುವ ಗ್ರಂಥಾಲಯದಲ್ಲೋ ಕುಳಿತು ನೋಡಬೇಕು. ಮೊದಲ ಬಾರಿ ಬಳಸುವವರು ಈ ಚಿಹ್ನೆಯನ್ನು ಕಂಡು ಚಿತ್ರವೇ ಇಲ್ಲವೆಂದು ತಿಳಿದು ಕೈಬಿಡುತ್ತಾರೆ. ಕೈಬಿಡಬಾರದು, ಅಲ್ಲಿಯೂ ಹಣ ಕೊಡಬೇಕಾಗಿಲ್ಲ, ಕೆಲಸ ಮಾಡುವ ಸ್ವಯಂಸೇವಕರು ತಾಳ್ಮೆಯಿಂದ ನೆರವಾಗುತ್ತಾರೆ. ಹೋಗುವ ಮುನ್ನ ಸುರುಳಿಯ ಸಂಖ್ಯೆಯನ್ನೂ ಅದರೊಳಗಿನ ಭಾಗದ ಸಂಖ್ಯೆಯನ್ನೂ ಬರೆದುಕೊಂಡು ಹೋಗಬೇಕು, ಏಕೆಂದರೆ ಒಂದು ಸುರುಳಿಯಲ್ಲಿ ಹತ್ತಾರು ಊರುಗಳ ಹಾಳೆಗಳು ಒಂದರ ಹಿಂದೆ ಒಂದು ಬರುತ್ತವೆ.

ಒಂದು ಗುರುವಾರ ನಾವಿಬ್ಬರೂ ಬಸ್ಸು ಹತ್ತಿ ಅಂಥ ಗ್ರಂಥಾಲಯಕ್ಕೆ ಹೋದೆವು. 1786ರ ಆ ಹಳ್ಳಿಯ ಪ್ರತಿ ಒಂದೇ ಉದ್ದನೆಯ ಹಾಳೆ. ಮಡಿಸಿಟ್ಟ ಗೆರೆಯಲ್ಲಿ ಎರಡು ಹೆಸರುಗಳು ಅಳಿಸಿಹೋಗಿದ್ದವು, ಮೇರಿಯದು ಅದರ ಕೆಳಗೆ ಉಳಿದಿತ್ತು. ಬಿಷಪ್ಪರಿಗೆ ಕಳಿಸುವ ಹಾಳೆಯೆಂದೋ ಏನೋ, ಪಾದ್ರಿ ಇಲ್ಲಿ ಅಂಚಿನ ಅಕ್ಷರವನ್ನು ಬಿಟ್ಟು ಹೆಸರಿನ ಮುಂದೆಯೇ ಪದವನ್ನು ಪೂರ್ತಿಯಾಗಿ ಬರೆದಿದ್ದ: 'ಪಾಪರ್'. ನೆರೆಮನೆಯವರು ಬಹಳ ಹೊತ್ತು ಪರದೆಯನ್ನು ನೋಡಿದರು. ಆಮೇಲೆ ಚೀಲದಿಂದ ತಮ್ಮ ಮನೆತನದ ನೋಟ್‌ಬುಕ್ ತೆಗೆದು, ವರದಿಯಿಂದ ನಕಲು ಮಾಡಿಕೊಂಡಿದ್ದ ಸಾಲಿಗೆ ಅಡ್ಡಗೀಟು ಹಾಕಿ, ಅದರ ಕೆಳಗೆ ಹಾಳೆಯಲ್ಲಿದ್ದ ಸಾಲನ್ನು ಇದ್ದ ಹಾಗೆಯೇ, ಪಾದ್ರಿಯ ಕಾಗುಣಿತದಲ್ಲೇ, ನಿಧಾನವಾಗಿ ಬರೆದುಕೊಂಡರು.